ಎಂಜಿನ್‌ನ ಗಾಳಿ ಬಾಯಿಗೆ ಎಣ್ಣೆ ಹೊಡೆಯುವ ಮುಂಚೆ

ಮಳೆಗಾಲ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಒಳಗೆ ತುಕ್ಕು ಹಿಡಿಯದಿರಲಿ ಅಂತ ಏರ್ ಫಿಲ್ಟರ್ ಬಿಚ್ಚಿ ಎಂಜಿನ್ ಒಳಗೆ ಎಣ್ಣೆ ಸ್ಪ್ರೇ ಮಾಡಬಹುದಾ? ಯಾರೋ ಹೇಳಿದರೆಂದು ಸುಮ್ನೆ ಹೊಡೆದು, ಆಮೇಲೆ ಎಂಜಿನ್ ಬಿಚ್ಚಿಸಲು ಬರುವವರನ್ನು ನೋಡಿ ನನಗೆ ಸಾಕಾಗಿದೆ. ಅದಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ಪ್ಲಗ್ ಬಿಚ್ಚುವುದು ಹೇಗೆ, ಪೆಟ್ರೋಲ್ ಕಾಕ್ ಎಲ್ಲಿದೆ ಎಂದೆಲ್ಲ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲೇ ನಿಲ್ಲುತ್ತದೆ. ಹೋದ ವರ್ಷ ತೆಗೆಯುವಾಗ ಪಿಸ್ಟನ್ ಹಿಡಿದುಕೊಂಡು ಕಿಕ್ಕರ್ ಅಲ್ಲಾಡಲಿಲ್ಲ. ದೋಣಿ ಎಂಜಿನ್‌ಗಳಿಗೆ ಮಾಡುವ ಹಾಗೆ ಎಣ್ಣೆ ಮಂಜು ಹೊಡೆದು ನಿಲ್ಲಿಸಲಾ? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅಂತಾರೆ ಕೆಲವರು. (ತೀರ್ಥಹಳ್ಳಿಯ ಓದುಗರು)

ಆ ಐದು ನಿಮಿಷದ ಸ್ಟಾರ್ಟನ್ನು ಮೊದಲು ಬಿಟ್ಟುಬಿಡಿ ಮಾರಾಯ್ರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಆವಿಯಾಗಿ ಸೈಲೆನ್ಸರ್ ದಾಟಿ ಹೋಗುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಅಷ್ಟು ಬಿಸಿಯಾಗುವುದೇ ಇಲ್ಲ. ನೀರು ಒಳಗೇ ತಣ್ಣಗಾಗಿ ಕೂರುತ್ತದೆ. ಪ್ರತಿ ವಾರ ನಿಮ್ಮ ಕೈಯಾರೆ ಒಳಗೆ ನೀರು ಚಿಮುಕಿಸಿದ ಹಾಗೆ.

ಹಿಡಿದುಕೊಂಡ ಸಿಲಿಂಡರ್ ಬಿಚ್ಚಿದಾಗ ಒಳಗೆ ಬೆರಳು ಆಡಿಸಿ ನೋಡಿ. ಪಿಸ್ಟನ್ ರಿಂಗ್ ನಿಂತಿದ್ದ ಜಾಗದಲ್ಲಿ ಕಂದು ಬಣ್ಣದ ತುಕ್ಕಿನ ಒಂದು ಗೆರೆ ಇರುತ್ತದೆ. ಒರೆಸಿದರೆ ಬಣ್ಣ ಹೋಗುತ್ತದೆ, ಗೆರೆ ಹೋಗುವುದಿಲ್ಲ. ಉಗುರಿಗೆ ಸಿಗುತ್ತದೆ. ಅಷ್ಟಾದ ಮೇಲೆ ಬೋರ್ ಮಾಡಿಸಿ (ಸಿಲಿಂಡರ್ ಒಳಗನ್ನು ಕೊರೆಸಿ) 0.25 ಮಿ.ಮೀ. ದೊಡ್ಡ ಪಿಸ್ಟನ್ ಹಾಕದೆ ಬೇರೆ ದಾರಿ ಇಲ್ಲ. ಹೀಗೆ ಎಷ್ಟು ಸಲ ಬೋರ್ ಮಾಡಿಸುತ್ತೀರಿ? ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿದೆ. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ ಅದೇ ವರ್ಷ. ಆರ್‌ಎಕ್ಸ್ ಆಗಲಿ, ಹಳೆಯ ಯೆಜ್ಡಿ ಆಗಲಿ, ಇರುವ ಒಳ್ಳೆಯ ಸಿಲಿಂಡರ್‌ಗಳನ್ನು ಉಳಿಸಿಕೊಳ್ಳಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ.

ಹಾಗಾಗಿ ನಿಮ್ಮ ಬೈಕಿಗೆ ಎಣ್ಣೆ ಮಂಜು ಹೊಡೆಯುವುದು ಸರಿಯಾದ ಕೆಲಸ. ಇದಕ್ಕೆ ಫಾಗಿಂಗ್ ಅಂತಾರೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಬಾಯಿಂದ ಹೋದ ಎಣ್ಣೆ ವಾಲ್ವ್‌ಗೆ, ಸಿಲಿಂಡರ್ ಮೇಲ್ಭಾಗಕ್ಕೆ ಅಷ್ಟೇ ತಲುಪುತ್ತದೆ. ನಿಮ್ಮದರಂಥ ಟೂ ಸ್ಟ್ರೋಕ್‌ನಲ್ಲಿ ಗಾಳಿ ಮೊದಲು ಕೆಳಗಿನ ಕ್ರ್ಯಾಂಕ್ ಕೇಸ್ ಹೊಕ್ಕು ಆಮೇಲೆ ಮೇಲಕ್ಕೆ ಬರುತ್ತದೆ. ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್ ಬೇರಿಂಗ್, ಲೈನರ್ (ಸಿಲಿಂಡರ್ ಒಳಗೋಡೆ) ಎಲ್ಲದಕ್ಕೂ ದಾರಿಯಲ್ಲೇ ಎಣ್ಣೆ ಹತ್ತುತ್ತದೆ. ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟರೆ ಬೇರಿಂಗ್‌ವರೆಗೆ ಅದು ಸರಿಯಾಗಿ ಹೋಗುವುದಿಲ್ಲ.

ಮಾಡುವ ಕ್ರಮ ಹೀಗೆ. ಬೈಕನ್ನು ಇಪ್ಪತ್ತು ನಿಮಿಷ ಓಡಿಸಿಕೊಂಡು ಬನ್ನಿ, ಎಂಜಿನ್ ಪೂರ್ತಿ ಬಿಸಿಯಾಗಲಿ. ಬಯಲಿನಲ್ಲಿ ನಿಲ್ಲಿಸಿ. ಶೆಡ್ ಒಳಗೆ ಬೇಡವೇ ಬೇಡ, ಆ ಹೊಗೆ ಜೀವಕ್ಕೆ ಅಪಾಯ. ಫಿಲ್ಟರ್ ಫೋಮ್ ತೆಗೆದಿಡಿ. ಎಂಜಿನ್ ಸ್ಟಾರ್ಟ್ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ. ಸ್ವಲ್ಪ ರೇಸ್ ಹಿಡಿದು ಕಾರ್ಬೊರೇಟರ್ ಬಾಯಿಗೆ ಫಾಗಿಂಗ್ ಆಯಿಲ್ ಸ್ಪ್ರೇಯನ್ನು ಚೂರು ಚೂರೇ ಹೊಡೆಯಿರಿ. ಮುಖ ದೂರ ಇಟ್ಟುಕೊಳ್ಳಿ. ಸ್ಪ್ರೇ ಡಬ್ಬಿಯ ಗಾಳಿಗೆ ಬೆಂಕಿ ಹಿಡಿಯುತ್ತದೆ, ಕಾರ್ಬೊರೇಟರ್ ಬಾಯಲ್ಲಿ ಒಮ್ಮೊಮ್ಮೆ ಕಿಡಿ ಹಿಂದಕ್ಕೆ ಹಾರುತ್ತದೆ. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರಲು ಶುರುವಾಗುತ್ತದೆ. ಹೆದರಬೇಡಿ, ಬರಬೇಕಾದದ್ದೇ ಅದು. ಕಾರ್ಬೊರೇಟರ್ ಬೌಲ್‌ನಲ್ಲಿದ್ದ ಪೆಟ್ರೋಲ್ ಮುಗಿದು ಎಂಜಿನ್ ತಡವರಿಸುವಾಗ ಕೊನೆಯದಾಗಿ ಸ್ವಲ್ಪ ಜಾಸ್ತಿ ಹೊಡೆಯಿರಿ. ತಾನಾಗಿ ಆಫ್ ಆಗಲಿ.

ಎಂಜಿನ್ ತಣ್ಣಗಾದ ಮೇಲೆ ಕೀ ತೆಗೆದು, ಪ್ಲಗ್ ಬಿಚ್ಚಿ, ಒಂದು ಟೀ ಚಮಚ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಎಣ್ಣೆ) ಬಿಡಿ. ಒಂದೇ ಚಮಚ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಚಿಕ್ಕದು, ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ. ಜಾಸ್ತಿ ತುಂಬಿ ಕಿಕ್ ಹೊಡೆದರೆ ರಾಡ್ ಬಗ್ಗುತ್ತದೆ. ನಾಲ್ಕೈದು ಸಲ ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ. ಪ್ಲಗ್ ಹಾಕಿ ಇನ್ನೊಮ್ಮೆ ಒತ್ತಿ, ಬಿಗಿ ಅನಿಸಿದ ಕಡೆ ಬಿಡಿ. ಆಗ ಪಿಸ್ಟನ್ ಮೇಲಿರುತ್ತದೆ, ಎಕ್ಸಾಸ್ಟ್ ಕಿಂಡಿ ಮುಚ್ಚಿರುತ್ತದೆ. ಸೈಲೆನ್ಸರ್ ಬಾಯಿಗೂ ಕಾರ್ಬೊರೇಟರ್ ಬಾಯಿಗೂ ಎಣ್ಣೆ ಬಟ್ಟೆ ತುರುಕಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ.

ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಇಳಿಸಿಬಿಡಿ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಬಂಕ್‌ಗಳಿಗೆ ಬರಲು ಶುರುವಾಯಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಅದಕ್ಕೆ ನೀರಿನ ಬರ ಇಲ್ಲ. ಖಾಲಿ ಟ್ಯಾಂಕ್ ಒಳಗೆ ಅರ್ಧ ಲೋಟ ಎಣ್ಣೆ ಹಾಕಿ ಎಲ್ಲ ಕಡೆ ಆಡಿಸಿ.

ಇಷ್ಟು ಮಾಡಿದ ಮೇಲೆ ಅಕ್ಟೋಬರ್‌ವರೆಗೆ ಕಿಕ್ಕರ್ ಮುಟ್ಟಬೇಡಿ. ಹೋಗಿ ಬಂದಾಗೆಲ್ಲ ಒಮ್ಮೆ ತಿರುಗಿಸುವ ಚಟ ಬಹಳ ಜನಕ್ಕಿದೆ. ಪ್ರತಿ ಸಲವೂ ರಿಂಗ್ ಆ ಎಣ್ಣೆ ಪದರವನ್ನು ಒರೆಸಿ ಹಾಕುತ್ತದೆ, ಹೊಸ ತೇವದ ಗಾಳಿ ಒಳಗೆ ಬರುತ್ತದೆ.

ಪ್ರಶ್ನೆ: ಇದನ್ನೇ ಡೀಸೆಲ್ ಟಿಲ್ಲರ್‌ಗೂ ಮಾಡಬಹುದಲ್ವಾ?

ಬೇಡ. ಎಂಜಿನ್ ಓಡುತ್ತಿರುವಾಗ ಯಾವತ್ತೂ ಬೇಡ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಟಿಲ್ಲರ್ ಬಂದಿತ್ತು. ಅದರ ಆಯಿಲ್ ಬಾತ್ ಏರ್ ಕ್ಲೀನರ್ (ಗಾಳಿಯ ಧೂಳನ್ನು ಎಣ್ಣೆಯಲ್ಲಿ ಹಿಡಿಯುವ ಫಿಲ್ಟರ್) ಬಟ್ಟಲಿಗೆ ಗುರುತು ದಾಟಿ ಎಣ್ಣೆ ತುಂಬಿದ್ದರು. ರೇಸ್ ಕೊಟ್ಟ ಕೂಡಲೇ ಎಂಜಿನ್ ಆ ಎಣ್ಣೆಯನ್ನು ಎಳೆದುಕೊಂಡಿತು. ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ, ಗಾಳಿಯ ಜೊತೆ ಎಣ್ಣೆ ಬಂದರೆ ಒತ್ತಡದ ಬಿಸಿಗೇ ಅದು ಹೊತ್ತಿಕೊಳ್ಳುತ್ತದೆ. ರೇಸ್ ಲಿವರ್ ಕೆಳಗಿಳಿಸಿದರೂ ಸದ್ದು ಏರುತ್ತಲೇ ಹೋಯಿತು. ಡೀಸೆಲ್ ಪೈಪ್ ಕಿತ್ತರೂ ನಿಲ್ಲಲಿಲ್ಲ. ಇಡೀ ಶೆಡ್ ಕಪ್ಪು ಹೊಗೆ. ನಮ್ಮ ಮೇಸ್ತ್ರಿ ಒದ್ದೆ ಗೋಣಿಚೀಲ ಮಡಿಸಿ ಗಾಳಿ ಬಾಯಿಗೆ ಒತ್ತಿ ಹಿಡಿದ ಮೇಲೆ ಉಸಿರು ಕಟ್ಟಿ ನಿಂತಿತು. ಅವತ್ತಿನಿಂದ ಡೀಸೆಲ್ ಎಂಜಿನ್ ಹತ್ತಿರ ಸ್ಪ್ರೇ ಡಬ್ಬಿ ಹಿಡಿದವರನ್ನು ಕಂಡರೆ ನಾನು ಕೂಗಿ ತಡೆಯುತ್ತೇನೆ. ನಿಮಗೆ ಹೀಗಾದರೆ ಗಾಳಿಯನ್ನೇ ಮುಚ್ಚಬೇಕು, ಆದರೆ ಬರಿಗೈ ಇಡಬೇಡಿ. ಹತ್ತಿರ ಹೋಗಲು ಧೈರ್ಯ ಬರದಿದ್ದರೆ ದೂರ ಓಡಿ, ಎಂಜಿನ್ ಹೋದರೆ ಹೋಗಲಿ.

ಪ್ರಶ್ನೆ: ಬಿಎಸ್6 (ಹೊಸ ಮಾಲಿನ್ಯ ನಿಯಮದ) ಸ್ಕೂಟರ್‌ಗೆ ತಿಂಗಳಿಗೊಮ್ಮೆ ಎಣ್ಣೆ ಮಂಜು ಕೊಟ್ಟರೆ ಪಿಕಪ್ ಹೆಚ್ಚುತ್ತಾ?

ಇಲ್ಲ. ಸೈಲೆನ್ಸರ್‌ನ ಆಕ್ಸಿಜನ್ ಸೆನ್ಸರ್ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಮಸಿ ಕೂರುತ್ತದೆ, ಪ್ಲಗ್ ಹಾಳಾಗುತ್ತದೆ. ದಿನಾ ಓಡುವ ಎಂಜಿನ್‌ಗೆ ಇದರಿಂದ ಕಾಸಿನ ಲಾಭವೂ ಇಲ್ಲ. "ಟಾನಿಕ್" ಅಂತ ಹೇಳಿ ಹೊಡೆದು ದುಡ್ಡು ಕೇಳುವವರಿಗೆ ಗಾಡಿ ಕೊಡಬೇಡಿ.

ಪ್ರಶ್ನೆ: ನೀರಿನ ಮಂಜು ಕೊಡುವ ಕಿಟ್ ಹಾಕಿದರೆ ಮೈಲೇಜ್ ದುಪ್ಪಟ್ಟಾಗುತ್ತದೆ ಅಂತಾರೆ.

ಮೋಸ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ನೀರು, ಮೆಥನಾಲ್ ಸಿಂಪಡಿಸುತ್ತಿದ್ದುದು ನಿಜ. ಅದು ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಒತ್ತಡಕ್ಕೆ ಇಂಧನ ತಾನಾಗಿ ಸಿಡಿದು ಎಂಜಿನ್ ನಾಕ್ ಆಗದಿರಲಿ ಅಂತ. ನಿಮ್ಮ ಗಾಡಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಫಾಗಿಂಗ್ ಆಯಿಲ್ ಸಿಗದಿದ್ದರೆ ಕೊಬ್ಬರಿ ಎಣ್ಣೆ ನಡೆಯುತ್ತದಾ?

ಖಂಡಿತ ಬೇಡ. 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಸ್ಪ್ರೇ ಸಿಗದಿದ್ದರೆ ಟೂ-ಟಿ ಆಯಿಲನ್ನು ಸಣ್ಣ ಪಿಚಕಾರಿ ಎಣ್ಣೆ ಡಬ್ಬಿಯಿಂದ ಹನಿ ಹನಿಯಾಗಿ ಬಿಡಿ.

ಪ್ರಶ್ನೆ: ಪೇಪರ್ ಏರ್ ಫಿಲ್ಟರ್‌ಗೆ ಎಣ್ಣೆ ಹಚ್ಚಬಹುದಾ?

ಫೋಮ್‌ಗೆ ಹಚ್ಚಬಹುದು, ಪೇಪರ್‌ಗೆ ಬೇಡ.

ಪ್ರಶ್ನೆ: ಫಾಗಿಂಗ್ ಮಾಡಿ ನಿಲ್ಲಿಸಿದ ಬೈಕನ್ನು ಮತ್ತೆ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು?

ಎರಡೂ ಬಾಯಿಯ ಬಟ್ಟೆ ಮೊದಲು ತೆಗೆಯಿರಿ. ನಿಲ್ಲಿಸುವ ದಿನವೇ ಒಂದು ಚೀಟಿ ಬರೆದು ಹ್ಯಾಂಡಲ್‌ಗೆ ಕಟ್ಟಿಡಿ, ಐದು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಟ್ಯಾಂಕ್‌ನಲ್ಲಿ ಉಳಿದ ಎಣ್ಣೆ ಬಸಿದು ಹೊಸ ಪೆಟ್ರೋಲ್ ಹಾಕಿ. ಪ್ಲಗ್ ಬಿಚ್ಚಿಟ್ಟು ಹತ್ತು ಸಲ ನಿಧಾನ ಕಿಕ್ ಮಾಡಿ, ಹೆಚ್ಚಿನ ಎಣ್ಣೆ ತೂತಿನಿಂದ ಹೊರಗೆ ಬರಲಿ. ಹೊಸ ಪ್ಲಗ್ ಹಾಕಿ, ಹಳೆಯದು ಎಣ್ಣೆ ಕುಡಿದಿರುತ್ತದೆ. ಹೊಗೆ ಜೋರಾಗಿ ಬರುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಬೈಕ್ ಎರಡು ಮೂರು ಕಿಲೋಮೀಟರ್ ಓಡಿದ ಮೇಲೂ ಹಾಗೇ ಬರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.