ಓದುಗರ ಪ್ರಶ್ನೆ: ಸತ್ತ ಲೋಳೆಮೀನೂ ಕುಟುಕುತ್ತದೆಯೇ?

ಪ್ರಶ್ನೆ: ದಡಕ್ಕೆ ಬಿದ್ದು ಸತ್ತ ಲೋಳೆಮೀನನ್ನು ಮುಟ್ಟಿದರೂ ಚರ್ಮ ಉರಿಯುತ್ತದೆ ಎನ್ನುತ್ತಾರೆ. ಸತ್ತದ್ದು ಕುಟುಕುವುದು ಹೇಗೆ?

ಉತ್ತರ: ಬದುಕಿದ್ದಾಗಲೂ ಅದು ಯೋಚಿಸಿ ಕುಟುಕಿದ್ದಲ್ಲ. ಜೆಲ್ಲಿಫಿಶ್ ಎಂದು ಕರೆಯುವ ಈ ಜೀವಿಗೆ ಮಿದುಳಿಲ್ಲ, ಹೃದಯವಿಲ್ಲ, ರಕ್ತವೂ ಇಲ್ಲ. ಮೈಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಹೆಸರಿನಲ್ಲಷ್ಟೇ ಮೀನು, ಬಳಗವೇನಿದ್ದರೂ ಹವಳ ಮತ್ತು ಹೈಡ್ರಾಗಳದು. ಕುಟುಕುವ ಕೆಲಸವೆಲ್ಲ ಅದರ ಕರಬಳ್ಳಿಗಳಲ್ಲಿ (ಮೈಯಿಂದ ಇಳಿಬಿದ್ದ ಉದ್ದನೆಯ ಎಳೆಗಳಲ್ಲಿ) ಒತ್ತೊತ್ತಾಗಿ ಕೂತಿರುವ ಕುಟುಕುಕೋಶಗಳದು.

ಒಂದೊಂದು ಕೋಶದೊಳಗೂ ಗಟ್ಟಿ ಗೋಡೆಯ ಒಂದು ಸೂಕ್ಷ್ಮ ಡಬ್ಬಿ. ಅದರಲ್ಲಿ ವಿಷ, ಸುರುಳಿ ಸುತ್ತಿದ ಟೊಳ್ಳು ದಾರ, ಮತ್ತು ಸುಮಾರು 150 ವಾಯುಮಂಡಲದಷ್ಟು ಒತ್ತಡ. ಕೋಶದ ಹೊರಗೆ ಚಾಚಿರುವ ರೋಮಕ್ಕೆ ಸ್ಪರ್ಶವೂ ಎದುರಿನ ಚರ್ಮದ ರಾಸಾಯನಿಕವೂ ತಾಕಿದರೆ ಸಾಕು, ಮುಚ್ಚಳ ಹಾರಿ, ದಾರ ಕಾಲುಚೀಲ ಒಳಹೊರಗು ಮಾಡಿದಂತೆ ತಿರುಗಿಕೊಂಡು ಚಿಮ್ಮುತ್ತದೆ. ಹೈಡ್ರಾದಲ್ಲಿ ಅಳೆದಾಗ ಮೊನೆ ಚಿಮ್ಮಲು ಹಿಡಿದ ಸಮಯ 700 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಕೈ ಹಿಂದಕ್ಕೆ ಎಳೆದುಕೊಳ್ಳುವ ಮಾತೇ ಇಲ್ಲ.

ಇದಕ್ಕೆಲ್ಲ ಇಡೀ ಪ್ರಾಣಿಯ ಅಪ್ಪಣೆ ಬೇಕಿಲ್ಲ. ಹಾಗಾಗಿ ಸತ್ತ ಮೇಲೂ, ಕರಬಳ್ಳಿ ತುಂಡಾದ ಮೇಲೂ, ಸಿಡಿಯದೆ ಉಳಿದ ಡಬ್ಬಿ ಸಿಡಿಯಬಲ್ಲದು. 2010ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಡಲತೀರವೊಂದರಲ್ಲಿ ಸತ್ತ ಒಂದೇ ಒಂದು ಸಿಂಹಕೇಸರ ಲೋಳೆಮೀನಿನ ಚೂರುಗಳು ನೀರಿನಲ್ಲಿ ಹರಡಿ ಸುಮಾರು 150 ಮಂದಿಗೆ ಕುಟುಕಿದವು.

ಪ್ರಶ್ನೆ: ಕುಟುಕಿದ ಜಾಗಕ್ಕೆ ವಿನೆಗರ್ ಹಾಕಿ ಎನ್ನುವವರು ಕೆಲವರು, ಬಿಸಿನೀರು ಎನ್ನುವವರು ಕೆಲವರು, ಮೂತ್ರವೇ ಮದ್ದು ಎನ್ನುವವರು ಇನ್ನು ಕೆಲವರು. ಯಾರನ್ನು ನಂಬುವುದು?

ಉತ್ತರ: ಮೂರನೆಯವರನ್ನಂತೂ ಬೇಡ. ಉಳಿದಿಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಕುಟುಕಿದ್ದು ಯಾವುದೆಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಚರ್ಮಕ್ಕೆ ಅಂಟಿದ ಕರಬಳ್ಳಿಯಲ್ಲಿ ಇನ್ನೂ ಸಿಡಿಯದ ಡಬ್ಬಿಗಳು ಸಾವಿರಗಟ್ಟಲೆ ಇರುತ್ತವೆ. ಅವನ್ನು ಕೆರಳಿಸದೆ ತೆಗೆಯುವುದೇ ಮೊದಲ ಕೆಲಸ. ಸಿಹಿನೀರು ಸುರಿದರೆ ಕೋಶದ ಸುತ್ತಲಿನ ಉಪ್ಪಿನ ಪ್ರಮಾಣ ಥಟ್ಟನೆ ಇಳಿದು ಅವು ಸಿಡಿಯಬಹುದು. ಮೂತ್ರದ ದೋಷವೂ ಇದೇ. ಬಹುಮಟ್ಟಿಗೆ ಅದೂ ನೀರೇ. ಮದ್ಯಸಾರ, ಮರಳಿನಿಂದ ಉಜ್ಜುವುದು, ಟವೆಲಿನಿಂದ ಒರೆಸುವುದು, ಬಿಗಿಯಾಗಿ ಪಟ್ಟಿ ಕಟ್ಟುವುದು, ಯಾವುದೂ ಕೂಡದು.

ಉಷ್ಣವಲಯದ ಕಡಲಿನಲ್ಲಿ ಪೆಟ್ಟಿಗೆಯಾಕಾರದ ಮೈಯ ‘ಪೆಟ್ಟಿಗೆ ಲೋಳೆಮೀನು’ ಕುಟುಕಿದ್ದರೆ ಅಥವಾ ಹಾಗೆಂದು ಅನುಮಾನವಿದ್ದರೆ, ಮೊದಲು ವ್ಯಕ್ತಿಯನ್ನು ನೀರಿನಿಂದ ಹೊರತಂದು ಆಂಬುಲೆನ್ಸ್ ಕರೆಯಿರಿ. ಅಡುಗೆಗೆ ಬಳಸುವ ವಿನೆಗರನ್ನು (4ರಿಂದ 6 ಶೇಕಡ ಅಸಿಟಿಕ್ ಆಮ್ಲ) ಕನಿಷ್ಠ 30 ಸೆಕೆಂಡ್ ಧಾರಾಳವಾಗಿ ಸುರಿದು, ಆಮೇಲೆ ಕರಬಳ್ಳಿ ಬಿಡಿಸಿ. ವಿನೆಗರ್ ನೋವು ಇಳಿಸುವ ಮದ್ದಲ್ಲ, ಒಳಹೊಕ್ಕ ವಿಷಕ್ಕೂ ಏನೂ ಮಾಡದು. ಉಳಿದ ಡಬ್ಬಿಗಳನ್ನು ಸುಮ್ಮನಾಗಿಸುತ್ತದೆ, ಅಷ್ಟೆ. ಕಣ್ಣಿಗೆ ಹಾಕಬೇಡಿ. ಉಸಿರು ನಿಂತಿದ್ದರೆ ವಿನೆಗರ್ ಹುಡುಕುತ್ತ ಕೂರದೆ ಎದೆಯನ್ನು 30 ಸಲ ಒತ್ತಿ, 2 ಸಲ ಬಾಯಿಂದ ಉಸಿರು ಕೊಡುವುದನ್ನು ಶುರುಮಾಡಿ, ನೆರವು ಬರುವವರೆಗೂ ನಿಲ್ಲಿಸಬೇಡಿ.

ನೀರಿನ ಮೇಲೆ ನೀಲಿ ಗಾಳಿಚೀಲ ತೇಲಿಸಿಕೊಂಡು ಬರುವ ‘ಬ್ಲೂಬಾಟಲ್’ ಕುಟುಕಿದ್ದರೆ ಕ್ರಮ ಬೇರೆ. (ಇದು ನಿಜವಾದ ಲೋಳೆಮೀನಲ್ಲ, ಹಲವು ಜೀವಿಗಳು ಸೇರಿ ಒಂದಾಗಿ ಬಾಳುವ ಗುಂಪು.) ಸಮುದ್ರದ ನೀರಿನಿಂದ ತೊಳೆದು, ಚಿಮಟದಿಂದ ಅಥವಾ ಕೈಗವಸು ತೊಟ್ಟು ಎಳೆಗಳನ್ನು ಎತ್ತಿ ತೆಗೆಯಿರಿ. ನಂತರ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಇಲ್ಲಿನ ವಿಷ ಪ್ರೋಟೀನುಗಳಿಂದಾದದ್ದು, ಬಿಸಿಗೆ ಅದರ ಕಸುವು ಕುಂದುತ್ತದೆ. ಶಾಖ ಪರೀಕ್ಷಿಸುವುದು ಕುಟುಕಿದ ಕೈಯಿಂದಲ್ಲ, ಇನ್ನೊಂದು ಕೈಯಿಂದ; ಉರಿಯುವ ಚರ್ಮಕ್ಕೆ ಸುಡುನೀರಿನ ಅಳತೆ ಸಿಗದೆ ಬೊಬ್ಬೆ ಎದ್ದೀತು. ಬಿಸಿನೀರು ಸಿಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಇಟ್ಟು ಒತ್ತಿಹಿಡಿಯಬಹುದು. ಕರಗಿದ ನೀರು ಮಾತ್ರ ಚರ್ಮಕ್ಕೆ ಸೋರಬಾರದು. ಈ ಜೀವಿ ಕುಟುಕಿದ ಜಾಗಕ್ಕೆ ವಿನೆಗರ್ ಹಾಕುವ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಆಸ್ಟ್ರೇಲಿಯದ ಮಾರ್ಗದರ್ಶಿ ಬೇಡವೆನ್ನುತ್ತದೆ.

ಪ್ರಶ್ನೆ: ದೊಡ್ಡದು ಹೆಚ್ಚು ಅಪಾಯಕಾರಿ, ಚಿಕ್ಕದು ಕಡಿಮೆ ಎಂದು ಎಣಿಸಬಹುದೇ?

ಉತ್ತರ: ಹಾಗೆ ಎಣಿಸಿದವರೇ ಮೋಸಹೋಗುವುದು. ದೊಡ್ಡದರ ಪೈಕಿ ಭಯಂಕರವಾದದ್ದು ಉತ್ತರ ಆಸ್ಟ್ರೇಲಿಯದ ಪೆಟ್ಟಿಗೆ ಲೋಳೆಮೀನು ಕೈರೊನೆಕ್ಸ್ ಫ್ಲೆಕೆರಿ. ಇದಕ್ಕೆ 24 ಕಣ್ಣುಗಳು, 60ರವರೆಗೆ ಕರಬಳ್ಳಿಗಳು, ಚಾಚಿದರೆ ಒಂದೊಂದೂ 3 ಮೀಟರ್. ಮೈತುಂಬ ಸುತ್ತಿಕೊಂಡರೆ ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲಬಹುದು. ಅದೇ ಕಡಲಿನ ಇರುಕಾಂಜಿ ಎಂಬ ಪುಟ್ಟ ಲೋಳೆಮೀನಿನ ಗಂಟೆಯಾಕಾರದ ಮೈ ಹೆಬ್ಬೆರಳ ಉಗುರಿನಷ್ಟು, ಕರಬಳ್ಳಿ ನಾಲ್ಕೇ. ಕುಟುಕಿದಾಗ ಸೊಳ್ಳೆ ಕಚ್ಚಿದಷ್ಟೂ ಅನಿಸದೆ ಹೋಗಬಹುದು. ಸುಮಾರು ಅರ್ಧ ಗಂಟೆಯ ಮೇಲೆ ಸೊಂಟ ನೋವು, ಸ್ನಾಯು ಸೆಳೆತ, ವಾಂತಿ, ಬೆವರು, ಏರುವ ರಕ್ತದೊತ್ತಡ, ಜೊತೆಗೆ ‘ನಾನಿನ್ನು ಉಳಿಯುವುದಿಲ್ಲ’ ಎಂಬ ದಿಗಿಲು. ಈ ಕಾಯಿಲೆಗೂ ಈ ಪುಟ್ಟ ಜೀವಿಗೂ ನಂಟಿದೆಯೆಂದು ತೋರಿಸಲು 1961ರಲ್ಲಿ ಆಸ್ಟ್ರೇಲಿಯದ ವೈದ್ಯ ಡಾ. ಜ್ಯಾಕ್ ಬಾರ್ನ್ಸ್ ತನಗೆ, ತನ್ನ 9 ವರ್ಷದ ಮಗನಿಗೆ ಮತ್ತು ಒಬ್ಬ ಜೀವರಕ್ಷಕನಿಗೆ ಅದರಿಂದ ಕುಟುಕಿಸಿದರು. ಮೂವರೂ ಆಸ್ಪತ್ರೆ ಸೇರಿದರು. ಸಿದ್ಧಾಂತ ಸರಿಯಾಗಿತ್ತು, ಮಗುವನ್ನು ಎಳೆತಂದದ್ದು ಸರಿಯೆನ್ನಲಾರೆವು.

ಪ್ರಶ್ನೆ: ನಿನ್ನೆ ಒಂದೂ ಇಲ್ಲದ ಕಡೆ ಇಂದು ರಾಶಿ ರಾಶಿ. ಎಲ್ಲಿಂದ ಬರುತ್ತವೆ?

ಉತ್ತರ: ಗಾಳಿ ಮತ್ತು ಪ್ರವಾಹ ಒಟ್ಟುಗೂಡಿಸಿ ತರುವುದು ಒಂದು ಕಾರಣ. ಇನ್ನೊಂದು ಕಡಲ ತಳದಲ್ಲಿದೆ. ಮೊಟ್ಟೆಯಿಂದ ಬಂದ ಮರಿ ಬಂಡೆಗೋ ಚಿಪ್ಪಿಗೋ ಅಂಟಿ, ಕೆಲವೇ ಮಿಲಿಮೀಟರ್ ಎತ್ತರದ ಪಾಲಿಪ್ ಆಗಿ ತಿಂಗಳುಗಟ್ಟಲೆ ಕೂರುತ್ತದೆ. ನೀರಿನ ಉಷ್ಣತೆ ಹದಕ್ಕೆ ಬಂದಾಗ, ಹಲವು ಜಾತಿಗಳಲ್ಲಿ ಅದು ಪೇರಿಸಿಟ್ಟ ತಟ್ಟೆಗಳಂತೆ ಅಡ್ಡಡ್ಡ ಸೀಳಿ, ಒಂದೊಂದು ತಟ್ಟೆಯೂ ಕಳಚಿ ಈಜುತ್ತದೆ. ಪಾಲಿಪ್‌ಗಳೆಲ್ಲ ಒಂದೇ ಋತುವಿನಲ್ಲಿ ಹೀಗೆ ಮಾಡುವುದರಿಂದ ಏಕಾಏಕಿ ಜಾತ್ರೆ ಕಂಡಂತಾಗುತ್ತದೆ.

ಪ್ರಶ್ನೆ: ತೆಳುವಾದ ಈಜುಡುಗೆ ನಿಜಕ್ಕೂ ತಡೆಯುತ್ತದೆಯೇ?

ಉತ್ತರ: ತಡೆಯುತ್ತದೆ, ಮೈಪೂರ್ತಿ ಮುಚ್ಚುವ ಲೈಕ್ರಾ (ಹಿಗ್ಗುವ ಬಟ್ಟೆ) ಆದರೆ. ಬಟ್ಟೆಯಲ್ಲಿ ಚರ್ಮದ ರಾಸಾಯನಿಕ ಸುಳಿವು ಸಿಗದೆ ಹೆಚ್ಚಿನ ಕೋಶಗಳು ಸಿಡಿಯುವುದೇ ಇಲ್ಲ. ಮುಖ, ಅಂಗೈ, ಪಾದ ಮಾತ್ರ ಬಯಲಿಗೇ ಉಳಿಯುತ್ತವೆ. ಕಳಚುವಾಗಲೂ ಜೋಪಾನ: ಬಟ್ಟೆಗೆ ಅಂಟಿದ ಎಳೆ ಬೆರಳಿಗೆ ತಾಕಿದರೆ ಅಲ್ಲಿಗೇ ಕುಟುಕುತ್ತದೆ.