ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು ಮೂರು ಸಲ ಓದಿದೆ

ಮೂಡಿಗೆರೆ ತಾಲ್ಲೂಕಿನ ಹಿರಿಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿರುವುದರಿಂದ ಹಾಕುತ್ತಿಲ್ಲ. ಅವರ ಮಾತಿನ ಸಾರ ಇದು: "ಹೋದ ಸಂಚಿಕೆಯಲ್ಲಿ ಸೋಲಾರ್ ಕರೆಂಟ್ ಯೂನಿಟ್‌ಗೆ ಎರಡೂವರೆ ರೂಪಾಯಿಗೆ ಸಿಗುತ್ತದೆ ಎಂದು ಬರೆದಿದ್ದೀರಿ. ಹಗಲಿನ ದರ ಹೇಳಿ ರಾತ್ರಿಯ ದರ ಬಿಟ್ಟಿದ್ದೀರಿ. ಆರಿದ್ರಾ ಮಳೆ ಹಿಡಿದರೆ ಮಘೆ ಮುಗಿಯುವವರೆಗೆ ಸೂರ್ಯನ ಮುಖ ಕಾಣದ ನಮಗೆ ಅದರಿಂದ ಏನಾಗಬೇಕು? ಸ್ಪೇನ್ ದೇಶ ಕತ್ತಲಲ್ಲಿ ಮುಳುಗಿದ್ದು ಮರೆತಿರಾ? ಕಲ್ಲಿದ್ದಲಿಗೆ ಹೊಗೆ ಇರಬಹುದು, ಆದರೆ ಅದು ಕೈಕೊಡುವುದಿಲ್ಲ. ಹೋದ ಮಳೆಗಾಲದಲ್ಲಿ ಡೀಸೆಲ್‌ಗೇ 38,000 ರೂಪಾಯಿ ಸುರಿದೆ. ಜನರೇಟರ್ ಹಳತಾಗಿದೆ. ಹೊಸ ಜನರೇಟರೋ, ಸೋಲಾರೋ? ಸುತ್ತಿ ಬಳಸದೆ ಹೇಳಿ." ಪತ್ರದ ಜೊತೆಗೆ ಮೂರು ವರ್ಷದಿಂದ ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಹೋದ ಕಾರಣ ಬರೆದಿಟ್ಟ ನೋಟ್‌ಬುಕ್ಕಿನ ಜೆರಾಕ್ಸ್ ಕಳಿಸಿದ್ದಾರೆ.

ಮಾನ್ಯರೇ,

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡೂವರೆ ರೂಪಾಯಿ ಎಂಬುದು ದೊಡ್ಡ ಸೋಲಾರ್ ಪಾರ್ಕಿನ ಗೇಟಿನಲ್ಲಿ, ಬಿಸಿಲಿದ್ದಾಗ ಸಿಗುವ ದರ. ಅಲ್ಲಿಂದ ಮೂಡಿಗೆರೆಯ ಕಂಬದವರೆಗೆ ತರುವ ಖರ್ಚು, ಸಂಜೆ ಏಳಕ್ಕೆ ಕೊಡಲು ಕೂಡಿಡುವ ಖರ್ಚು ಅದರಲ್ಲಿಲ್ಲ. ಅಷ್ಟನ್ನೇ ಬರೆದು ನಿಲ್ಲಿಸಬಾರದಿತ್ತು.

ಹಾಗಾದರೆ ಸಂಜೆಯ ದರ ಎಷ್ಟು? ಒಂದು ಮೆಗಾವಾಟ್ ಕರೆಂಟನ್ನು ಎರಡು ಗಂಟೆ ಕೊಡಬಲ್ಲ ಬ್ಯಾಟರಿಯ ಬಾಡಿಗೆ 2022ರ ಕೇಂದ್ರ ಟೆಂಡರ್‌ನಲ್ಲಿ ತಿಂಗಳಿಗೆ 10.84 ಲಕ್ಷ ರೂಪಾಯಿಗೆ ನಿಂತಿತ್ತು. ದಿನಕ್ಕೊಮ್ಮೆ ತುಂಬಿ ಖಾಲಿ ಮಾಡಿದರೆ ತಿಂಗಳಿಗೆ 60,000 ಯೂನಿಟ್. ಅಂದರೆ ಬರೀ ಕೂಡಿಡುವುದಕ್ಕೇ ಯೂನಿಟ್‌ಗೆ 18 ರೂಪಾಯಿ! ಆಗ ನೀವು ಈ ಪತ್ರ ಬರೆದಿದ್ದರೆ ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರ ಇರುತ್ತಿರಲಿಲ್ಲ. ಆದರೆ 2025ರ ಹೊತ್ತಿಗೆ ಅದೇ ಬಾಡಿಗೆ ಎರಡು, ಎರಡೂವರೆ ಲಕ್ಷಕ್ಕೆ ಇಳಿಯಿತು. ಕೆಲವಕ್ಕೆ ಸರ್ಕಾರದ ನೆರವೂ ಸೇರಿದೆ, ಅದನ್ನು ಮುಚ್ಚಿಡುವುದಿಲ್ಲ. ಅಂದರೆ 2025ರ ದರದಲ್ಲಿ ಯೂನಿಟ್‌ಗೆ ನಾಲ್ಕು ರೂಪಾಯಿ ಆಸುಪಾಸು. ಬ್ಯಾಟರಿಗೆ ಹಾಕಿ ತೆಗೆಯುವಾಗ ಆಗುವ ನಷ್ಟ ಸೇರಿಸಿದರೆ ಸಂಜೆಯ ಸೋಲಾರ್ ಕರೆಂಟ್ ಆರೂವರೆಯಿಂದ ಏಳು ರೂಪಾಯಿಗೆ ಬರುತ್ತದೆ. ಹೊಸದಾಗಿ ಕಟ್ಟುವ ಕಲ್ಲಿದ್ದಲು ಸ್ಥಾವರಗಳ ಕರೆಂಟ್ ಬೇರೆ ರಾಜ್ಯಗಳ ಇತ್ತೀಚಿನ ಟೆಂಡರ್‌ಗಳಲ್ಲಿ ಐದೂವರೆಯಿಂದ ಆರು ರೂಪಾಯಿಗೆ ಹೋಗಿದೆ. 2025ರ ದರದಲ್ಲಿ ಸಂಜೆ ಹೊತ್ತಿಗೆ ಕಲ್ಲಿದ್ದಲು ಸ್ವಲ್ಪ ಅಗ್ಗ. ಹಗಲಿಗೆ ಸೋಲಾರ್ ಅದರ ಅರ್ಧಕ್ಕಿಂತ ಕಡಿಮೆ. ಲೆಕ್ಕ ಇರುವುದು ಹೀಗೆ.

ಇನ್ನು ಕಲ್ಲಿದ್ದಲು ಕೈಕೊಡುವುದಿಲ್ಲ ಎಂಬ ಮಾತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಒಲೆ ಉರಿಯಬೇಕಾದರೆ ತೆಲಂಗಾಣದ ಸಿಂಗರೇಣಿಯಿಂದಲೋ, ಮಹಾರಾಷ್ಟ್ರ, ಒಡಿಶಾ ಕಡೆಯಿಂದಲೋ ರೈಲು ಬರಬೇಕು. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರದ್ದು ಹಡಗಿನಲ್ಲಿ ಬರುವ ಕಲ್ಲಿದ್ದಲು. ಅಲ್ಲಿ ಹುಟ್ಟಿದ ಕರೆಂಟ್ ಘಟ್ಟ ಹತ್ತಿ ನಮ್ಮ ಹಾಸನದ ಪಕ್ಕದ ಶಾಂತಿಗ್ರಾಮಕ್ಕೆ ಬರುತ್ತದೆ. 2022ರ ಜನವರಿಯಲ್ಲಿ ಇಂಡೋನೇಷ್ಯಾ ಕಲ್ಲಿದ್ದಲು ರಫ್ತು ನಿಲ್ಲಿಸಿತು. ಮರುತಿಂಗಳೇ ಉಕ್ರೇನ್ ಯುದ್ಧ ಶುರುವಾಗಿ ದರ ಆಕಾಶಕ್ಕೇರಿತು. ಮೇ ತಿಂಗಳಲ್ಲಿ ಆಮದು ಕಲ್ಲಿದ್ದಲಿನ ಸ್ಥಾವರಗಳನ್ನು ಓಡಿಸಲೇಬೇಕೆಂದು ಕೇಂದ್ರ ಸರ್ಕಾರ ಕಾನೂನಿನ ಮೂಲಕ ಆದೇಶ ಕೊಡಬೇಕಾಯಿತು. ಎಲ್ಲೋ ನಡೆದ ಯುದ್ಧಕ್ಕೆ ನಮ್ಮ ಕರೆಂಟ್ ಬಿಲ್ಲು ಏರುತ್ತದೆಂದರೆ ಅದನ್ನು ನಂಬಿಗಸ್ತ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸ್ಪೇನ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವು. ಆ ಹೊತ್ತಿನಲ್ಲಿ ಸೋಲಾರ್ ಭರ್ತಿ ಓಡುತ್ತಿತ್ತು ಎಂಬುದು ನಿಜ. ತನಿಖೆಯಲ್ಲಿ ಹೊರಬಿದ್ದದ್ದು ಮಾತ್ರ ಕರೆಂಟಿನ ಕೊರತೆಯಲ್ಲ, ಮಿತಿಮೀರಿ ಏರಿದ ವೋಲ್ಟೇಜ್. ಅದನ್ನು ಹಿಡಿತದಲ್ಲಿಡಲು ಬೇಕಾದಷ್ಟು ಯಂತ್ರಗಳು ಆಗ ಸಜ್ಜಾಗಿರಲಿಲ್ಲ. ಸೋಲಾರ್ ಹೆಚ್ಚಿದಷ್ಟೂ ಗ್ರಿಡ್ (ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲ) ಕಾಯುವ ಕೆಲಸಕ್ಕೆ ಹೆಚ್ಚು ದುಡ್ಡು, ಹೆಚ್ಚು ಎಚ್ಚರ ಬೇಕು ಎಂಬ ಪಾಠ ಅದರಲ್ಲಿದೆ. ಆದರೆ 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ 60 ಕೋಟಿಗೂ ಹೆಚ್ಚು ಜನರ ನಾಡು ಕತ್ತಲಾಯಿತಲ್ಲ, ಆಗ ಆ ಗ್ರಿಡ್‌ನಲ್ಲಿ ಓಡುತ್ತಿದ್ದುದು ಬಹುಪಾಲು ಕಲ್ಲಿದ್ದಲೇ. ನಾವು ಅಂದು ಪಾರಾದದ್ದು ದಕ್ಷಿಣದ ಗ್ರಿಡ್ ಬೇರೆ ಇದ್ದುದರಿಂದ. ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ಅದು ದೇಶದ ಗ್ರಿಡ್‌ಗೆ ಸೇರಿದ್ದು 2013ರ ಡಿಸೆಂಬರ್ ಕೊನೆಗೆ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಅದೇ.

ಹೋದ ಜುಲೈನ ಪುಟ ನೋಡಿ. ಪುನರ್ವಸು ಮಳೆಯ ಮೊದಲ ವಾರದಲ್ಲಿ ನಿಮ್ಮ ಕೈಬರಹ ಹೀಗಿದೆ: "ಮರ ಬಿತ್ತು." "ಕಂಬ ಮುರಿದಿದೆ, ಲೈನ್‌ಮನ್ ಮಧ್ಯಾಹ್ನ ಬಂದ." "ಟಿಸಿ (ಟ್ರಾನ್ಸ್‌ಫಾರ್ಮರ್) ಹೋಯಿತು." "ಮತ್ತೆ ಮರ." "ಸಿಲ್ವರ್ (ಓಕ್ ಮರ) ಕೊಂಬೆ ತಂತಿಗೆ ತಾಗಿ ಫೀಡರ್ (ಸಬ್‌ಸ್ಟೇಷನ್ನಿಂದ ಬರುವ ಲೈನ್) ಟ್ರಿಪ್." ಮೂರು ಮಳೆಗಾಲದ ಪುಟ ತಿರುವಿದರೂ ಇದೇ ನಾಲ್ಕೈದು ಕಾರಣ. "ಲೋಡ್ ಶೆಡ್ಡಿಂಗ್" ಎಂಬ ಮಾತು ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ ಮಾತ್ರ. ನಿಮ್ಮ ಮನೆ ಕತ್ತಲಾದ ಗಂಟೆಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ರಾಯಚೂರು ಉರಿಯುತ್ತಲೇ ಇತ್ತು, ಶರಾವತಿ ತಿರುಗುತ್ತಲೇ ಇತ್ತು. ಕರೆಂಟ್ ಸಬ್‌ಸ್ಟೇಷನ್ನಿನವರೆಗೆ ಬಂದು ನಿಂತಿತ್ತು. ಅಲ್ಲಿಂದ ನಿಮ್ಮ ತೋಟಕ್ಕೆ ಬರುವ ಬರಿಮೈ ತಂತಿ ಕಾಡಿನ ನಡುವೆ ಹರಿದು ಬಿದ್ದಿತ್ತು, ಅಷ್ಟೆ. ನಾಳೆ ದೇಶದ ಅಷ್ಟೂ ಕರೆಂಟ್ ಕಲ್ಲಿದ್ದಲಿನಿಂದ ಬಂದರೂ, ಅಷ್ಟೂ ಗಾಳಿಯಿಂದ ಬಂದರೂ ಆ ತಂತಿಯ ಮೇಲೆ ಮರ ಬೀಳುತ್ತದೆ. ಮಲೆನಾಡಿನಲ್ಲಿ ವಿಶ್ವಾಸಾರ್ಹತೆಯ ಪ್ರಶ್ನೆ ಕೇಳಬೇಕಾದದ್ದು ಸೂರ್ಯನನ್ನಲ್ಲ, ಹನ್ನೊಂದು ಕೆವಿ ಲೈನನ್ನು. ಕವಚವಿರುವ ತಂತಿ ಎಳೆಯುವುದು, ಮಳೆಗೆ ಮುಂಚೆ ಕೊಂಬೆ ಸವರುವುದು, ಮಳೆಯಲ್ಲಿ ಕಂಬ ಹತ್ತುವ ಹುಡುಗರ ಸಂಖ್ಯೆ ಹೆಚ್ಚಿಸುವುದು, ಇವಕ್ಕೆ ಹಾಕುವ ದುಡ್ಡು ನಿಮ್ಮ ಮನೆಗೆ ಕೊಡುವಷ್ಟು ಬೆಳಕನ್ನು ಯಾವ ಹೊಸ ಸ್ಥಾವರವೂ ಕೊಡುವುದಿಲ್ಲ.

2023ರ ಅಕ್ಟೋಬರ್ ಪುಟದ ಕಥೆ ಬೇರೆ, ಅದನ್ನು ಹಗುರವಾಗಿ ಬಿಡಬಾರದು. ಆ ವರ್ಷ ಮಳೆ ಕೈಕೊಟ್ಟಿತು, ಪಂಪ್‌ಸೆಟ್‌ಗೆ ಏಳು ಗಂಟೆಯ ಬದಲು ಐದೇ ಗಂಟೆ ಎಂದರು. ನಮ್ಮದು ನೀರನ್ನು ನಂಬಿ ಬೆಳೆದ ರಾಜ್ಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದಾಗಿನಿಂದ 1985ರಲ್ಲಿ ರಾಯಚೂರಿನ ಮೊದಲ ಘಟಕ ಶುರುವಾಗುವವರೆಗೆ ನಮ್ಮ ಸ್ವಂತ ಕರೆಂಟ್ ಅಂದರೆ ನೀರೇ. ಆ ನೀರು ಇವತ್ತು ಇನ್ನೊಂದು ಕೆಲಸ ಮಾಡುತ್ತಿದೆ, ಅದು ಬಹಳ ಜನರ ಗಮನಕ್ಕೆ ಬಂದಿಲ್ಲ. ಹಗಲು ಪಾವಗಡದ 2,000 ಮೆಗಾವಾಟ್ ಸೋಲಾರ್ ಪಾರ್ಕು ಓಡುತ್ತಿರುವಾಗ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಗೇಟು ಬಿಗಿಹಿಡಿದು ನೀರು ಉಳಿಸಬಹುದು. ಸಂಜೆ ಎಲ್ಲರ ಮನೆ ದೀಪ ಹತ್ತಿದಾಗ ಶರಾವತಿಯ 1,035 ಮೆಗಾವಾಟ್ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಕಲ್ಲಿದ್ದಲಿಗೆ ಈ ಚುರುಕಿಲ್ಲ. ಆರಿದ ಬಾಯ್ಲರ್ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು, ಸಾಮರ್ಥ್ಯದ ಶೇಕಡ 55ಕ್ಕಿಂತ ಕೆಳಗಿಳಿಸಿ ಓಡಿಸುವುದೂ ಕಷ್ಟ. ಬರದ ವರ್ಷದಲ್ಲಿ ಹಗಲಿನ ಬಿಸಿಲು ಉಳಿಸಿಕೊಟ್ಟ ಒಂದೊಂದು ಅಡಿ ನೀರೂ ರಾತ್ರಿಯ ಕರೆಂಟೇ. ನೀವು ಕೇಳಿದ ಮಳೆಗಾಲದ ಮೋಡಕ್ಕೂ ಇಂಥದೇ ಜೋಡಿಯಿದೆ. ನಿಮ್ಮಲ್ಲಿ ಬಿಸಿಲು ಸತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿಯಂತ್ರ ಅತಿ ಹೆಚ್ಚು ತಿರುಗುತ್ತದೆ. ಒಂದು ತಾಲ್ಲೂಕಿನ ಆಕಾಶ ನೋಡಿ ರಾಜ್ಯದ ಲೆಕ್ಕ ಹಾಕುವಂತಿಲ್ಲ.

ಇಲ್ಲಿ ಹಣದಲ್ಲಿ ಅಳೆಯದ ಒಂದು ಲಾಭ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು ಕಡೆಯ ರೈತರಿಗೆ ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟ್ ರಾತ್ರಿ ಸಿಕ್ಕಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಟಾರ್ಚ್ ಹಿಡಿದು ಗದ್ದೆಗೆ ಮೋಟರ್ ಹಾಕಲು ಹೋಗುವ ದಾರಿಯಲ್ಲಿ ಆನೆ ನಿಂತಿರುತ್ತದೆ. ಆನೆಗೆ ಸಿಕ್ಕಿ ಸತ್ತವರ ಮನೆಗಳಿಗೆ ನಾನು ಹೋಗಿದ್ದೇನೆ, ಅಂಗಳದಲ್ಲಿ ಮಾತು ಹೊರಡದೆ ಕೂತಿದ್ದೇನೆ. ಸೋಲಾರ್ ಬಂದ ಮೇಲೆ ಪಂಪ್‌ಸೆಟ್ ಕರೆಂಟನ್ನು ಹಗಲಿಗೆ ತರುವುದು ಸುಲಭವಾಗಿದೆ. ಈ ಕಾರಣ ಒಂದೇ ಸಾಕು, ನಾನು ಅದರ ಪರ ನಿಲ್ಲಲು.

ಆದರೆ ಹಸಿರು ಎಂಬ ಹೆಸರಿನಲ್ಲಿ ಬಂದದ್ದನ್ನೆಲ್ಲ ಒಪ್ಪುವವನಲ್ಲ. ಪಾವಗಡದಲ್ಲಿ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿ. ಭೂಮಿಯಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಆ ಗುತ್ತಿಗೆಯಲ್ಲಿ ಪಾಲು ಸಿಗಲಿಲ್ಲ. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಪಶ್ಚಿಮಘಟ್ಟದ ಬಗ್ಗೆ ವರದಿ ಕೊಟ್ಟ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಹೇಳಿತು, ಸರಿಯಾಗಿಯೇ ಹೇಳಿತು. ಶರಾವತಿ ಕಣಿವೆಯಲ್ಲಿ ಸಿಂಗಳೀಕಗಳ ಕಾಡಿನೊಳಗೆ ಸುರಂಗ ಕೊರೆದು 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವ ಸ್ಥಾವರ) ಕಟ್ಟುವ ಮಾತಿಗೂ ನನ್ನ ವಿರೋಧವಿದೆ. ಬ್ಯಾಟರಿಯ ದರ ಮೂರೇ ವರ್ಷದಲ್ಲಿ ಐದನೇ ಒಂದು ಪಾಲಿಗೆ ಇಳಿದ ಮೇಲೆ, ಮರಳಿ ಬಾರದ ಕಾಡನ್ನು ಕೊಟ್ಟು ಅದೇ ಕೆಲಸ ಮಾಡಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಕೊನೆಗೆ ನಿಮ್ಮ ನೇರ ಪ್ರಶ್ನೆ. ಉತ್ತರಕ್ಕೆ ಮುಂಚೆ ಹಾನುಬಾಳು ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅವರು ಮಾಡಿನ ಮೇಲೆ ಮೂರು ಕಿಲೋವಾಟ್ ಪ್ಯಾನೆಲ್ ಹಾಕಿಸಿದರು. ಮಳೆ ಶುರುವಾಗಿ ಲೈನ್ ಮೇಲೆ ಮರ ಬಿತ್ತು. ಮೂರನೇ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಚೆನ್ನಾಗಿಯೇ ಬಂತು. ಚಿಕ್ಕಪ್ಪ ಇನ್ವರ್ಟರ್ ಮುಂದೆ ಹೋಗಿ ನಿಂತರು, ಅದರಲ್ಲಿ ಕೆಂಪು ದೀಪ. ಮನೆಯಲ್ಲಿ ಒಂದು ಬಲ್ಬೂ ಹತ್ತಲಿಲ್ಲ. ಫ್ರಿಜ್ಜಿನಲ್ಲಿ ಚಿಕ್ಕಮ್ಮನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಇತ್ತು, ಅದನ್ನು ಬಾವಿಯ ತಣ್ಣೀರಿನಲ್ಲಿಟ್ಟು ಕಾಪಾಡಿಕೊಂಡರು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಲ್ಲುತ್ತದೆ. ಹರಿದ ತಂತಿ ಮುಟ್ಟಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಎಂಬ ಕಾರಣಕ್ಕೆ ಹಾಗೆ ಮಾಡಿದ್ದಾರೆ, ಆ ವ್ಯವಸ್ಥೆ ಸರಿಯೇ. ತಪ್ಪು ಇದ್ದದ್ದು ಮಾರುವಾಗ ಇದನ್ನು ಬಾಯಿಬಿಟ್ಟು ಹೇಳದವರಲ್ಲಿ. ನಿಮ್ಮಲ್ಲಿಗೆ ಬರುವ ಏಜೆಂಟರನ್ನು ಮೊದಲು ಇದನ್ನೇ ಕೇಳಿ: ಲೈನ್ ಹೋದಾಗ ನನ್ನ ಮನೆ ದೀಪ ಹತ್ತುತ್ತದೆಯೇ? ಹತ್ತಬೇಕಾದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು.

ಈಗ ನಿಮ್ಮ ತೋಟದ ಲೆಕ್ಕ. ಸಣ್ಣ ಜನರೇಟರ್ ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಚಿಲ್ಲರೆ ಕೊಡುತ್ತದೆ. ಲೀಟರ್ 90 ರೂಪಾಯಿ ಆಸುಪಾಸು ಅಂದರೆ ಯೂನಿಟ್‌ಗೆ 30 ರೂಪಾಯಿ ಹತ್ತಿರ. ನಿಮ್ಮ 38,000ಕ್ಕೆ ಸಿಕ್ಕಿದ್ದು 1,250 ಯೂನಿಟ್ ಇರಬಹುದು. ಅದರಲ್ಲಿ ಹೆಚ್ಚಿನ ಪಾಲು ಫ್ರಿಜ್, ದೀಪ, ಮೊಬೈಲ್, ವೈಫೈಗೆ ಎಂದು ನೀವೇ ಬರೆದಿದ್ದೀರಿ. ಅಷ್ಟಕ್ಕೆ ದಿನಕ್ಕೆ ನಾಲ್ಕೈದು ಯೂನಿಟ್ ಸಾಕು. ಮೂರು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್ ಕೊಡುತ್ತದೆ. ಪುಷ್ಯ ಮಳೆಯಲ್ಲಿ ಅದರ ಅರ್ಧವೂ ಬಾರದು, ಆದರೂ ಮನೆ ತೂಗುತ್ತದೆ. ಪಿಎಂ ಸೂರ್ಯಘರ್‌ನಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಲಕ್ಷದ ಸುತ್ತ ಆಗುತ್ತದೆ, ಅದು ನಿಮ್ಮ ಕೈಯಿಂದಲೇ. ಇನ್ನೊಂದು ಮಾತು: ನಿಮ್ಮ ಮನೆ ತಿಂಗಳಿಗೆ 200 ಯೂನಿಟ್ ಒಳಗಿದ್ದು ಗೃಹಜ್ಯೋತಿಯಲ್ಲಿದ್ದರೆ ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ. ಉಳಿತಾಯವೆಲ್ಲ ಡೀಸೆಲ್‌ನಲ್ಲೇ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವುದು ನವೆಂಬರ್‌ನಿಂದ ಜನವರಿವರೆಗೆ, ಒಳ್ಳೆಯ ಬಿಸಿಲಿನ ಕಾಲ. ನಿಮ್ಮ ನೋಟ್‌ಬುಕ್ ಪ್ರಕಾರ ಆಗ ಲೈನ್ ಹೋಗುವುದೂ ಅಪರೂಪ, ಹಾಗಾಗಿ ಆ ಚಿಂತೆ ಬೇಡ. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದಾಗ ಸ್ಪ್ರಿಂಕ್ಲರ್ ಹೊಡೆಯುವ ನಿಮ್ಮ ದೊಡ್ಡ ಡೀಸೆಲ್ ಎಂಜಿನ್ ಜಾಗಕ್ಕೆ ಮಾತ್ರ ಸೋಲಾರ್ ಪಂಪ್ ಇವತ್ತಿಗೆ ಬರಲಾರದು, ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದ್ದರಿಂದ ಹೊಸ ಜನರೇಟರ್ ತೆಗೆದುಕೊಳ್ಳಬೇಡಿ. ಹಳೆಯದನ್ನು ಒಮ್ಮೆ ಬಿಚ್ಚಿ ರಿಪೇರಿ ಮಾಡಿಸಿ ಶೆಡ್ಡಿನಲ್ಲೇ ಇಟ್ಟುಕೊಳ್ಳಿ, ಆರೇಳು ದಿನ ಬಿಡದೆ ಹೊಯ್ಯುವ ಮಳೆಗೆ ಬೇಕಾಗುತ್ತದೆ. ಮನೆಯ ಮಟ್ಟಿಗೆ ಬ್ಯಾಟರಿ ಸಹಿತ ಸೋಲಾರ್ ಹಾಕಿಸಿ. ಮಾಡಿನ ಮೇಲೆ ಮರದ ನೆರಳು ಬೀಳದಂತೆ ನೋಡಿಕೊಳ್ಳಿ.

ನಿಮ್ಮ ಒಪ್ಪಿಗೆಯಿದ್ದರೆ ಆ ನೋಟ್‌ಬುಕ್ಕಿನ ಜುಲೈ ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಮಾಡುತ್ತೇನೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಓದುಗರು ತಮ್ಮ ಫೀಡರ್‌ನ ಲೆಕ್ಕವನ್ನು ಇದೇ ರೀತಿ, ಕಾರಣ ಸಮೇತ ಬರೆದು ಕಳಿಸಲಿ. ಮುಂಗಾರಿಗೆ ಮುಂಚೆ ಅವನ್ನೆಲ್ಲ ಒಟ್ಟು ಮಾಡಿ ವಿದ್ಯುತ್ ಕಚೇರಿಯ ಮೇಜಿನ ಮೇಲೆ ಇಡೋಣ. ನಾನೇ ಹೋಗುತ್ತೇನೆ, ನೀವೂ ಜೊತೆಗೆ ಬನ್ನಿ.

— ಸಂಪಾದಕ