ಅಟ್ರೊಪಿನ್ ಬಳಗದ ಔಷಧಿಗಳು ಕಣ್ಣು, ಉಬ್ಬಸ, ವಿಷ ಎಲ್ಲಕ್ಕೂ ಹೇಗೆ ಕೆಲಸ ಮಾಡುತ್ತವೆ?

ಅಸಿಟೈಲ್‌ಕೋಲಿನ್ ಎಂಬ ನರವಾಹಕ (ನರಗಳ ಸಂದೇಶ ಒಯ್ಯುವ ರಾಸಾಯನಿಕ) ಬಂದು ಕೂರುವ ಮಸ್ಕರಿನಿಕ್ ಗ್ರಾಹಕಗಳು, ಅಂದರೆ ಜೀವಕೋಶಗಳ ಮೇಲಿನ ಆಸನಗಳು, ಮೈತುಂಬ ಹರಡಿರುವುದೇ ಇದಕ್ಕೆ ಕಾರಣ. ಅವುಗಳಲ್ಲಿ ಎಂ1ರಿಂದ ಎಂ5ರವರೆಗೆ ಐದು ಬಗೆ. ಎಂ2 ಹೃದಯ ಬಡಿತವನ್ನು ನಿಧಾನಗೊಳಿಸುತ್ತದೆ. ಎಂ3 ಜೊಲ್ಲು ಸುರಿಸುತ್ತದೆ, ಶ್ವಾಸನಾಳವನ್ನೂ ಮೂತ್ರಕೋಶವನ್ನೂ ಬಿಗಿಯುತ್ತದೆ. ಈ ಔಷಧಿಗಳು ಅಲ್ಲಿ ತಾವೇ ಹೋಗಿ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ.

ಆದರೆ ಇದು ಪೈಪೋಟಿ, ಶಾಶ್ವತ ತಡೆಯಲ್ಲ. ಆರ್ಗನೊಫಾಸ್ಫೇಟ್ ಕೀಟನಾಶಕ ಹೊಟ್ಟೆ ಸೇರಿದಾಗ ಈ ಮಾತಿನ ಮಹತ್ವ ತಿಳಿಯುತ್ತದೆ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ಕೆಲಸ ನಿಲ್ಲಿಸಿ ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ, ಹಾಗಾಗಿ ಅಟ್ರೊಪಿನ್ ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಬೇಕಾಗುತ್ತದೆ. ವೈದ್ಯರು ನೋಡುವುದು ಪಾಪೆ ಹಿಗ್ಗಿತೇ ಎಂದಲ್ಲ, ಶ್ವಾಸಕೋಶದ ಸ್ರಾವ ಒಣಗಿತೇ, ನಾಡಿ ಮತ್ತು ರಕ್ತದೊತ್ತಡ ಸುಧಾರಿಸಿತೇ ಎಂದು. ಸ್ನಾಯುಗಳ ನಿಶ್ಶಕ್ತಿ ಮಾತ್ರ ಇದರಿಂದ ಹೋಗದು; ಅದು ಅಸಿಟೈಲ್‌ಕೋಲಿನ್ ಕೂರುವ ಇನ್ನೊಂದು ಜಾತಿಯ, ಅಂದರೆ ನಿಕೋಟಿನಿಕ್ ಗ್ರಾಹಕಗಳ ಪಾಲು; ಅಟ್ರೊಪಿನ್ ಅವನ್ನು ತಡೆಯುವುದಿಲ್ಲ.

ಉಳಿದಂತೆ, ಹೃದಯ ಬಡಿತ ತೀರಾ ಇಳಿದಾಗ ಅಟ್ರೊಪಿನ್, ಕಣ್ಣಿನ ಪರೀಕ್ಷೆಗೆ ಟ್ರೊಪಿಕಮೈಡ್, ಪ್ರಯಾಣದ ವಾಂತಿಗೆ ಸ್ಕೊಪೊಲಮಿನ್, ಪದೇ ಪದೇ ಮೂತ್ರದ ಅವಸರಕ್ಕೆ ಸೊಲಿಫೆನಾಸಿನ್. ಸಿಒಪಿಡಿಗೆ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಳಸುವ ಟಯೋಟ್ರೋಪಿಯಂ ನನಗೆ ಬಹಳ ಮೆಚ್ಚುಗೆಯಾದದ್ದು: ಅದರ ಅಣುವಿಗೆ ಸದಾ ವಿದ್ಯುದಾವೇಶ ಇರುವುದರಿಂದ ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ; ಜೊತೆಗೆ ಅದರ ಪರಿಣಾಮ ದಿನವಿಡೀ ಇರುತ್ತದೆ.

ಬಾಯಿ ಒಣಗುವುದು, ಮಲಬದ್ಧತೆ, ದೃಷ್ಟಿ ಮಸುಕು ಸಾಮಾನ್ಯ. ಕಿರುಕೋನದ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಒಂದು ಕಾಯಿಲೆ), ಪ್ರಾಸ್ಟೇಟ್ ಊತ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ವಯಸ್ಸಾದವರಲ್ಲಿ ಗೊಂದಲ, ಮರೆವು ದಿಢೀರನೆ ಕಾಣಿಸಿಕೊಂಡರೆ ಅವರ ಮಾತ್ರೆಗಳ ಪಟ್ಟಿಯನ್ನು ದಯವಿಟ್ಟು ವೈದ್ಯರಿಗೆ ತೋರಿಸಿ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್‌ಗಳಿಗೂ ಇದೇ ಗುಣವಿದೆ.